ಮಹಿಷನ ಮುಂದೆ ಒಂದು ಮಗು
ಈ ವಾರ ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ, ಕತ್ತಿ ಎತ್ತಿ ಹಾವು ಹಿಡಿದು ನಿಂತ ಮಹಿಷಾಸುರನ ಪ್ರತಿಮೆಯನ್ನು ಕಂಡು ಅಪ್ಪನ ಕಾಲು ತಬ್ಬಿ ಚೀರಿದ ಪುಟ್ಟ ಹುಡುಗಿಯೊಬ್ಬಳು ಗಳಿಗೆ ಕಳೆಯುವುದರೊಳಗೆ 'ಅಪ್ಪಾ, ಇನ್ನೊಂದ್ಸಲ ಹತ್ರ ಹೋಗೋಣ' ಎಂದು ಹಟ ಹಿಡಿದಳು. 2024ರ ಡಿಸೆಂಬರ್ 31ರಂದು ಇದೇ ಊರಿನ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ ಯಾರಿಗೂ ಹತ್ತಿರ ಹೋಗುವ ಆಸೆಯಾಗಲಿಲ್ಲ. ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಲಾಯಿತು. ಚಿರತೆಯ ಭಯ ನಮ್ಮ ಮೈಗೆ ಸಂಬಂಧಿಸಿದ್ದು, ಓಡು ಎನ್ನುತ್ತದೆ. ಮಹಿಷನ ಭಯ ಯಾರ ಸ್ವಂತದ್ದೂ ಅಲ್ಲ, ನಿಂತು ನೋಡಬಹುದು. ನಾಟ್ಯಶಾಸ್ತ್ರದ ಭರತ ಭಯಾನಕ, ಬೀಭತ್ಸ ರಸಗಳನ್ನು ಶೃಂಗಾರದ ಪಂಕ್ತಿಯಲ್ಲೇ ಕೂರಿಸಿದ. ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಎಂ. ಹಿರಿಯಣ್ಣನವರು ಕಲಾನುಭವದಲ್ಲಿ ಗುರುತಿಸಿದ್ದೂ ಸ್ವಂತದ ಲಾಭನಷ್ಟ ಮರೆತ ಈ ಸ್ಥಿತಿಯನ್ನೇ. ನನಗೆ ಮಾತ್ರ ಅಷ್ಟೇ ಸಾಲದು ಎನಿಸುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ರಾಶಿಯ ನಡುವೆ, ರಣಪಿಶಾಚಿಗಳಾದ ಮರುಳುಗಳ ಮೂದಲಿಕೆ ಕೇಳುತ್ತ ನಡೆಯುವಾಗ ಹೇಸಿಗೆಯಿಂದ ಹೊಟ್ಟೆ ತೊಳಸುತ್ತದೆ, ಆದರೂ ಪುಸ್ತಕ ಮುಚ್ಚಲಾಗುವುದಿಲ್ಲ. ಆ ಹೆಣಗಳ ನಡುವೆ ಅವನ ತಮ್ಮ ದುಶ್ಶಾಸನನಿದ್ದಾನೆ, ಗೆಳೆಯ ಕರ್ಣನಿದ್ದಾನೆ. ಹೇಸಿಗೆಯನ್ನು ದಾಟದೆ ಆ ಅಣ್ಣನ ದುಃಖದ ಹತ್ತಿರ ಹೋಗಲು ಬೇರೆ ದಾರಿಯನ್ನು ರನ್ನ ನಮಗೆ ಉಳಿಸಿಲ್ಲ. ಬೆಟ್ಟದ ಹುಡುಗಿ ಮೂರನೇ ಸಲ ಹೋದಾಗ ಅಪ್ಪನ ಕೈ ಬಿಟ್ಟಿದ್ದಳು.