‘ನೀವು ಯಾವ ಪೈಕಿ?’

ಬೆಂಗಳೂರಿನ ಕಚೇರಿಗಳಲ್ಲಿ ಹೊಸಬರು ಸೇರಿದ ಮೊದಲ ವಾರ ಊಟದ ಹೊತ್ತಿಗೆ ನಡೆಯುವ ವಿಚಾರಣೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಊರು ಯಾವುದು ಎಂದು ಶುರುವಾಗುತ್ತದೆ. ಊರು ಹೇಳಿದರೆ ಸಾಲದು, ಊರಲ್ಲಿ ಯಾವ ಕಡೆ ಮನೆ ಎನ್ನುತ್ತಾರೆ. ಹೆಸರು ಹೇಳಿದರೆ ಸಾಲದು, ಇನಿಷಿಯಲ್ ಬಿಡಿಸಬೇಕು. ಮನೆದೇವರು ಯಾವುದು, ಡಬ್ಬಿಯಲ್ಲಿ ಏನಿದೆ, ‘ತಿಂತೀರಾ’? ಇಷ್ಟಕ್ಕೂ ಗುಟ್ಟು ಹೊರಬೀಳದಿದ್ದರೆ ಕೊನೆಗೆ ನಗುನಗುತ್ತಲೇ, “ನೀವು ಯಾವ ಪೈಕಿ?” ಕೇಳಿದವರಿಗೆ ಅದು ಕುಶಲೋಪರಿ. ಎದುರು ಕೂತ ದಲಿತ ಹುಡುಗಿ ಆ ಹೊತ್ತಿಗೆ ನಿಜ ಹೇಳಲೇ, ಸುಳ್ಳು ಹೇಳಲೇ, ಹೇಳಿದ ಸುಳ್ಳು ಎಷ್ಟು ದಿನ ಬಾಳೀತು ಎಂದು ಲೆಕ್ಕ ಹಾಕುತ್ತಿರುತ್ತಾಳೆ. ಕಲಸಿದ ತುತ್ತು ಕೈಯಲ್ಲೇ ಇರುತ್ತದೆ.

ಜಾತಿ ತಿಳಿದ ಮೇಲೆ ಯಾರೂ ಬೈಯುವುದಿಲ್ಲ. “ನಿಮ್ಮನ್ನು ನೋಡಿದರೆ ಹಾಗನ್ನಿಸುವುದೇ ಇಲ್ಲ” ಎಂದು ಹೊಗಳುತ್ತಾರೆ. ಅವಳ ಡಬ್ಬಿಗೆ ಕೈ ಹಾಕುವವರು ಕಡಿಮೆಯಾಗುತ್ತಾರೆ. ಇಡೀ ಸಾಲಿಗೆ ಹಂಚಿದ ಗೃಹಪ್ರವೇಶದ ಕಾರ್ಡು ಅವಳ ಮೇಜಿನತ್ತ ಬರುವುದಿಲ್ಲ. ಬಡ್ತಿ ಸಿಕ್ಕಿದರೆ ಬೆನ್ನ ಹಿಂದೆ ‘ಕೋಟಾ’ ಎಂಬ ಪಿಸುಮಾತು. ಖಾಸಗಿ ಕಂಪನಿಯ ಬಡ್ತಿಯಲ್ಲಿ ಮೀಸಲಾತಿಯೇ ಇಲ್ಲವೆಂಬುದು ಹಾಗೆ ಪಿಸುಗುಟ್ಟುವವರಿಗೂ ಗೊತ್ತಿದೆ. ಭುಜ ತಟ್ಟುವ ನೆಪದಲ್ಲಿ ಅಂಗಿಯ ಕೆಳಗೆ ಜನಿವಾರವಿದೆಯೇ ಎಂದು ಬೆರಳಲ್ಲೇ ಹುಡುಕುವವರೂ ಇದ್ದಾರೆ.

ಒಂದೊಂದನ್ನೇ ಬಿಡಿಸಿ ನೋಡಿದರೆ ದೂರು ಬರೆಯುವಂಥದ್ದು ಏನೂ ಕಾಣದು. ಇದರ ಕ್ರೌರ್ಯ ಇರುವುದೇ ಅಲ್ಲಿ. ಅಮೆರಿಕದ ಕಪ್ಪು ಜನರು ದಿನನಿತ್ಯ ನುಂಗುತ್ತಿದ್ದ ಇಂಥ ಅವಮಾನಗಳಿಗೆ ‘ಮೈಕ್ರೋಅಗ್ರೆಶನ್’ ಎಂದು 1970ರಲ್ಲಿ ಹೆಸರಿಟ್ಟವರು ಮನೋವೈದ್ಯ ಚೆಸ್ಟರ್ ಪಿಯರ್ಸ್. ಆ ಹೆಸರು ಹುಟ್ಟುವ ಎಷ್ಟೋ ಮೊದಲು, 1917ರಲ್ಲಿ, ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕಚೇರಿ ಸೇರಿದ್ದರು. ಜವಾನರು ಕಡತವನ್ನು ಅವರ ಕೈಗೆ ಕೊಡದೆ ದೂರದಿಂದಲೇ ಮೇಜಿಗೆ ಎಸೆಯುತ್ತಿದ್ದರು. ಅಲ್ಲಿ ಅವರಿಗೆ ಕುಡಿಯುವ ನೀರೂ ಸಿಗುತ್ತಿರಲಿಲ್ಲ. ಇಂದು ಕಡತ ಎಸೆಯುವವರಿಲ್ಲ. ಆದರೆ ನಮ್ಮ ಗಾಜಿನ ಕಟ್ಟಡಗಳ ಶೌಚಾಲಯ ತೊಳೆಯುವ ಹೌಸ್‌ಕೀಪಿಂಗ್ ಅಕ್ಕಂದಿರು ಊಟಕ್ಕೆ ಎಲ್ಲಿ ಕೂರುತ್ತಾರೆ, ಯಾವ ಲೋಟದಲ್ಲಿ ನೀರು ಕುಡಿಯುತ್ತಾರೆ ಎಂದು ಎಂದಾದರೂ ನೋಡಿದ್ದೀರಾ? ದಯವಿಟ್ಟು ನೋಡಿ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಕರೆಯದ ಗೃಹಪ್ರವೇಶದ ಮೇಲೆ, ಮುಟ್ಟದ ಡಬ್ಬಿಯ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸುವುದು? ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಹತ್ತು ಮಂದಿ ದುಡಿಯುವ ಕಡೆಯೂ ಆಂತರಿಕ ಸಮಿತಿ ಇರಲೇಬೇಕು. ಜಾತಿ ಅವಮಾನದ ದೂರು ಕೇಳಲು ಖಾಸಗಿ ಕಂಪನಿಗಳಿಗೆ ಅಂಥ ಕಡ್ಡಾಯವಿಲ್ಲ. ಭಾರತದ ಎಂಜಿನಿಯರುಗಳು ಕಿಕ್ಕಿರಿದಿರುವ ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಲ್ಲಿಗೆ ಜಾತಿಯನ್ನು ಹೊತ್ತೊಯ್ದದ್ದು ಯಾರು? ನಮ್ಮವರೇ.

“ನಮ್ಮ ಮನೆಯಲ್ಲಿ ಜಾತಿಯ ಮಾತೇ ಬರುತ್ತಿರಲಿಲ್ಲ” ಎನ್ನುವ ಗೆಳೆಯರೇ, ನಿಮಗೆ ಆ ಮಾತಿನ ಅಗತ್ಯ ಬೀಳಲಿಲ್ಲ, ಅಷ್ಟೆ. ನಿಮ್ಮ ಪಕ್ಕದಲ್ಲಿ ಕೂತವರಿಗೆ ಅದನ್ನು ಮರೆಯಲು ಒಂದು ದಿನವೂ ಯಾರೂ ಬಿಟ್ಟಿಲ್ಲ. ಕೇಳುವವರಿಗಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಕೇಳಿಸಿಕೊಂಡೂ ಅನ್ನ ಸಾರು ಕಲಸುತ್ತಾ ಕೂರುವ ಉಳಿದ ಐದಾರು ಮಂದಿ. ನೊಂದವಳೇ ಎದ್ದು ನಿಂತು ತನ್ನ ನೋವಿಗೆ ಸಾಕ್ಷಿ ಒದಗಿಸಲಿ ಎಂದು ಕಾಯುವುದು ಯಾವ ನ್ಯಾಯ? ಅಲ್ಲೇ, ಆ ಕ್ಷಣದಲ್ಲೇ, “ಅದನ್ನು ತಿಳಿದು ನಿಮಗೇನಾಗಬೇಕು?” ಎಂದು ನೀವು ಕೇಳಿ. ಗುಂಪಿನ ನಗು ನಿಂತುಹೋಗಲಿ, ಸ್ನೇಹ ಕೊಂಚ ಕೆಡಲಿ. ಅವಳು ಸೇರಿದ ದಿನದಿಂದ ತೆರುತ್ತಿರುವ ಬೆಲೆಯ ಮುಂದೆ ಅದು ಏನೂ ಅಲ್ಲ.

ಕಂಪನಿ ನಡೆಸುವವರೇ, ನಿಮ್ಮ ನಡತೆಯ ನಿಯಮಪುಸ್ತಕದಲ್ಲಿ ಲಿಂಗವಿದೆ, ಧರ್ಮವಿದೆ, ಅಂಗವೈಕಲ್ಯವಿದೆ. ‘ಜಾತಿ’ ಎಂಬ ಪದವನ್ನೂ ಬರೆಯಿರಿ. ದೂರು ಕೇಳುವ ಸಮಿತಿಯಲ್ಲಿ ದಲಿತರನ್ನು ಕೂರಿಸಿ. ಕಾನೂನು ಕಡ್ಡಾಯ ಮಾಡುವವರೆಗೆ ಕಾಯಬೇಡಿ, ಈ ತಿಂಗಳೇ ಮಾಡಿ.