ಹಾನಗಲ್ಲಿನ ಗ್ರಾಹಕನಿಗೆ ಅಂಗಡಿ ಎಲ್ಲಿತ್ತು?

2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಪಲ್ ಕಂಪನಿ ತನ್ನ ಐಟ್ಯೂನ್ಸ್ ಮಳಿಗೆಯಲ್ಲಿ ಹಾಡುಗಳ ಜೊತೆಗೆ ಚಲನಚಿತ್ರಗಳನ್ನೂ ಮಾರಲಾರಂಭಿಸಿತು. ಮೊದಲ ಕಂತಿನಲ್ಲಿದ್ದದ್ದು ಡಿಸ್ನಿ ಸಮೂಹದ 75 ಚಿತ್ರಗಳು. ಬೆಲೆ ಒಂದಕ್ಕೆ ಹತ್ತರಿಂದ ಹದಿನೈದು ಡಾಲರ್. ದೃಶ್ಯ ತೋರಿಸುವ ಐಪಾಡ್ ಅದಕ್ಕೂ ಹನ್ನೊಂದು ತಿಂಗಳು ಮುಂಚೆ, 2005ರ ಅಕ್ಟೋಬರ್‌ನಲ್ಲಿಯೇ ಬಂದಿತ್ತು. ಅದನ್ನು ಕೊಂಡವರು ಮತ್ತು ಕೊಳ್ಳಲೊಲ್ಲದವರ ನಡುವೆ ಆಗ ದೊಡ್ಡ ಚರ್ಚೆಯೇ ನಡೆಯಿತು. ಎರಡೂವರೆ ಇಂಚಿನ ಪರದೆಯ ಮೇಲೆ ಎರಡು ತಾಸಿನ ಸಿನಿಮಾ ನೋಡುವವರುಂಟೆ? ಡಿವಿಡಿಯ ಆಸುಪಾಸಿನ ಬೆಲೆ ತೆತ್ತು, ಡಿವಿಡಿ ಪ್ಲೇಯರಿನಲ್ಲಿ ಹಾಕಿ ನೋಡಲಾಗದ ಕಡತವನ್ನು ಏಕೆ ಕೊಳ್ಳಬೇಕು? ಹಾಗೆ ಕೊಂಡದ್ದು ನಿಜಕ್ಕೂ ನಮ್ಮದಾಗುತ್ತದೆಯೇ?

ಮೊದಲನೆಯ ಪ್ರಶ್ನೆಗೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನಂಥ ಊರುಗಳು ಕೆಲವೇ ವರ್ಷಗಳಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಉತ್ತರ ಕೊಟ್ಟವು. ಐಪಾಡಿಗಿಂತಲೂ ಚಿಕ್ಕದಾದ ಮೊಬೈಲ್ ಪರದೆಯ ಮೇಲೆ ಇಡೀ ಚಿತ್ರವನ್ನು, ಅದೂ ಇಬ್ಬರು ಮೂವರು ತಲೆಗೆ ತಲೆ ಹಚ್ಚಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿದರು. ಅವರ ಅಭಿಪ್ರಾಯವನ್ನು ಯಾವ ಕಂಪನಿಯೂ ಕೇಳಿರಲಿಲ್ಲ. ಹೊಸ ಯಂತ್ರಗಳಿಗೆ ಗ್ರಾಹಕರ ಪ್ರತಿಕ್ರಿಯೆ ಎಂದು ನಾವು ಓದುತ್ತಾ ಬಂದಿರುವುದು ಮಹಾನಗರದ ಗ್ರಾಹಕನ ಪ್ರತಿಕ್ರಿಯೆಯನ್ನು ಮಾತ್ರ. ತಾಲ್ಲೂಕು ಕೇಂದ್ರದ ಗ್ರಾಹಕ ಆ ಲೆಕ್ಕದಲ್ಲಿ ಸೇರಲೇ ಇಲ್ಲ. ಸೇರಿದ್ದು ಪೊಲೀಸರ ಲೆಕ್ಕದಲ್ಲಿ.

ಐಪಾಡ್ ಈ ಊರುಗಳಿಗೆ ಬರಲಿಲ್ಲವೆಂದೇ ಹೇಳಬೇಕು. ಬಂದದ್ದು ಚೀನಾ ಸೆಟ್ಟು, ಉಗುರಿನಗಲದ ಮೆಮೊರಿ ಕಾರ್ಡು ಮತ್ತು ಬ್ಲೂಟೂತ್. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಜೇಬಿನಿಂದ ಜೇಬಿಗೆ ಹರಿದದ್ದು ಹೀಗೆ. ಬಸ್ ನಿಲ್ದಾಣದ ಎದುರಿಗೆ ಕರೆನ್ಸಿ ಹಾಕುವ ಅಂಗಡಿ, ಅದರ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಅದರ ಮುಂದೆ ಹತ್ತನೆಯ ತರಗತಿ ಮುಗಿಸಿದ ಹುಡುಗ. ‘ಅಣ್ಣಾ, ಹೊಸಾವು ಹಾಕಿ ಕೊಡು’ ಎಂದು ಕಾರ್ಡು ಚಾಚಿ, ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ನೂರಾರು ಹಾಡು, ಒಂದೆರಡು ಪಿಕ್ಚರು ತುಂಬಿಕೊಂಡು ಬರುತ್ತಿದ್ದವು. ಯಾವ ಹಾಡು ಎಂದು ಗ್ರಾಹಕ ಹೆಸರಿಸಬೇಕಾದ ಅಗತ್ಯವೂ ಇರಲಿಲ್ಲ. ಕುರಿ ಕಾಯುವವನಿಗೆ ಯಾವುದು, ಕಾಲೇಜು ಹುಡುಗನಿಗೆ ಯಾವುದು ಎಂಬುದನ್ನು ಅಂಗಡಿಯವನೇ ಬಲ್ಲ. ಇಂದು ಇದೇ ಕೆಲಸವನ್ನು ಗಣಕಸೂತ್ರಗಳು ಮಾಡುತ್ತವೆಂದು ನಾವು ಬೆರಗಾಗುತ್ತಿದ್ದೇವೆ!

ಇದನ್ನು ಬರಿಯ ಅಗ್ಗದ ಆಸೆ ಎಂದು ತಳ್ಳಿಹಾಕುವವರು ಅಂದಿನ ಅಂತರ್ಜಾಲದ ವೇಗವನ್ನು ಸ್ವಲ್ಪ ಲೆಕ್ಕ ಹಾಕಬೇಕು. ಸೆಕೆಂಡಿಗೆ 40 ಕಿಲೋಬಿಟ್ ವೇಗದ 2ಜಿ ಸಂಪರ್ಕದಲ್ಲಿ ಐದು ಎಂಬಿಯ ಒಂದು ಹಾಡು ಇಳಿಯಲು ಹದಿನೇಳು ನಿಮಿಷ ಬೇಕು. 700 ಎಂಬಿಯ ಒಂದು ಸಿನಿಮಾ ಇಳಿಯಲು ಎಲ್ಲಿಯೂ ತುಂಡಾಗದೆ ಮೂವತ್ತೊಂಬತ್ತು ತಾಸು ಬೇಕು. ಅಷ್ಟು ಹೊತ್ತು ಒಂದೇ ಸಮನೆ ಸಿಗ್ನಲ್ ಮತ್ತು ಕರೆಂಟು ಇದ್ದ ಊರು ಯಾವುದು? ಟಿ.ವಿ. ಇದ್ದ ಮನೆಯಲ್ಲೂ ಲೋಡ್ ಶೆಡ್ಡಿಂಗಿನ ಹೊತ್ತಿನಲ್ಲಿ ಮನರಂಜನೆಯೆಂದರೆ ಬ್ಯಾಟರಿಯಿಂದ ನಡೆಯುವ ಈ ಸಾಧನವೇ. ಹೊಲದ ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ಕಾಲದಲ್ಲಿ, ಗೋವಿನಜೋಳಕ್ಕೆ ನೀರು ಹಾಯಿಸಲು ಹೋದ ರೈತನ ಅಂಗಿಯ ಜೇಬಿನಿಂದ ಹಾಡು ಕೇಳಿಬರುತ್ತಿತ್ತು. ಕತ್ತಲಲ್ಲಿ ಅದೊಂದು ಸಂಗಾತಿ. ಹುಳಹುಪ್ಪಟೆಗೂ ಸುಳಿವು ಕೊಡುವ ಸದ್ದು. ಐಪಾಡ್ ರೂಪಿಸಿದವರ ಊಹೆಯಲ್ಲಿ ಬೆಳಗಿನ ರೈಲಿನ ಪ್ರಯಾಣಿಕನಿದ್ದಿರಬಹುದು. ಹಾನಗಲ್ಲಿಗೂ ಹಿರೇಕೆರೂರಿಗೂ ಇಂದಿಗೂ ರೈಲಿಲ್ಲ.

ಆ ಕಾರ್ಡಿನೊಳಗೆ ಏನಿತ್ತು ಎಂಬುದನ್ನು ನೋಡಿದರೆ ವಿಷಯ ಇನ್ನಷ್ಟು ಸಂಕೀರ್ಣವಾಗುತ್ತದೆ. ಹೊಸ ಸಿನಿಮಾ ಇತ್ತು, ಅದು ಕದ್ದದ್ದೇ, ಅನುಮಾನವಿಲ್ಲ. ಅದರ ಪಕ್ಕದಲ್ಲಿಯೇ ಊರ ಭಜನಾ ಮೇಳದ ಪದ ಇತ್ತು, ಮಠದ ಪ್ರವಚನ ಇತ್ತು, ವೃತ್ತಿ ನಾಟಕದ ಹಾಸ್ಯ ಇತ್ತು, ಜಾತ್ರೆಯ ರಾತ್ರಿ ಯಾರೋ ಮೊಬೈಲಿನಲ್ಲೇ ಹಿಡಿದ ದೊಡ್ಡಾಟದ ತುಣುಕಿತ್ತು. ಶಿಶುನಾಳ ಶಿಗ್ಗಾವಿ ತಾಲ್ಲೂಕಿನ ಊರು. ಷರೀಫರು ತೀರಿಕೊಂಡದ್ದು 1889ರಲ್ಲಿ. ಅವರ ತತ್ವಪದಗಳ ಮೇಲೆ ಇಂದು ಯಾರ ಹಕ್ಕೂ ಇಲ್ಲ. ಆದರೆ ಆ ಪದಗಳನ್ನು ಹಾಡಿ ಮುದ್ರಿಸಿದ ಧ್ವನಿಗೆ ಕಾನೂನು ಅರವತ್ತು ವರ್ಷಗಳ ಒಡೆತನ ಕೊಡುತ್ತದೆ. ಸಿ. ಅಶ್ವತ್ಥ್ ಅವರ ಕಂಠದ ಷರೀಫರಿಗೆ ಒಡೆಯರುಂಟು, ಗುಡಿಯ ಕಟ್ಟೆಯ ಮೇಲೆ ಏಕತಾರಿ ಹಿಡಿದು ಹಾಡಿದವನ ಷರೀಫರಿಗೆ ಕಾಗದದ ಮೇಲಿನ ಒಡೆಯರಿಲ್ಲ. ಕಾರ್ಡಿನಲ್ಲಿ ಇಬ್ಬರೂ ಒಟ್ಟಿಗೇ ಇದ್ದರು. ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳ ಗಾಯನವೂ ಹೀಗೆಯೇ ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಕಾರ್ಡಿಗೆ ಸಾಗಿ ಬಂತು. ಯಾವ ಅಧಿಕೃತ ಮಳಿಗೆಯೂ ಇಂಥ ಕಪಾಟನ್ನು ಜೋಡಿಸಿರಲಿಲ್ಲ.

ಹಾಗೆಂದು ಇದನ್ನು ಜನಪದದ ವಿಜಯವೆಂದು ಹಾಡಿ ಹೊಗಳುವುದೂ ಬೇಡ. ಸಣ್ಣ ಬಂಡವಾಳದ ಕನ್ನಡ ನಿರ್ಮಾಪಕನೊಬ್ಬನ ಚಿತ್ರ ಮೊದಲ ವಾರದಲ್ಲೇ ಕಾರ್ಡಿಗೆ ಇಳಿದರೆ ಅವನು ಮತ್ತೆ ಏಳುವುದು ಕಷ್ಟ. ಭಜನೆ ಹಾಡಿದವನಿಗೂ ಆ ಇಪ್ಪತ್ತು ರೂಪಾಯಿಯಲ್ಲಿ ಬಿಡಿಗಾಸು ಸೇರಲಿಲ್ಲ. ಆದರೆ ಇದಕ್ಕೆ ವ್ಯವಸ್ಥೆ ಕಂಡುಕೊಂಡ ಮದ್ದು ಒಂದೇ, ದಂಡನೆ. ‘ಗೂಂಡಾ ಕಾಯ್ದೆ’ ಎಂದೇ ಹೆಸರಾದ ರಾಜ್ಯದ 1985ರ ಶಾಸನದ ವ್ಯಾಪ್ತಿಗೆ 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಗಳೂ ಸೇರಿದವು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶವಿರುವ ಕಾಯ್ದೆ ಅದು. 2023ರಲ್ಲಿ ಕೇಂದ್ರವು ಸಿನಿಮಾಟೋಗ್ರಾಫ್ ಕಾಯ್ದೆಯನ್ನು ತಿದ್ದಿ, ಚಿತ್ರಚೌರ್ಯಕ್ಕೆ ಕನಿಷ್ಠ ಮೂರು ತಿಂಗಳ ಸೆರೆ, ಮೂರು ಲಕ್ಷ ರೂಪಾಯಿ ದಂಡ ಎಂದು ವಿಧಿಸಿತು. ಚಿತ್ರಮಂದಿರದಲ್ಲಿ ಕ್ಯಾಮೆರಾ ಬಚ್ಚಿಟ್ಟು ಮುದ್ರಿಸುವ ಜಾಲಕ್ಕೆ ಇದು ತಕ್ಕ ಶಿಕ್ಷೆಯೇ ಸರಿ. ಕಂಪ್ಯೂಟರ್ ಮುಂದೆ ಕುಳಿತ ಆ ಹುಡುಗನನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೆ?

ಈ ಗ್ರಾಹಕ ದುಡ್ಡು ಬಿಚ್ಚುವವನಲ್ಲ ಎಂಬ ವಾದವಂತೂ ಸುಳ್ಳು. 1980ರ ದಶಕದಲ್ಲಿ ಟಿ-ಸೀರೀಸ್ ಕ್ಯಾಸೆಟ್ಟಿನ ಬೆಲೆ ಇಳಿಸಿದಾಗ ಇದೇ ಹಳ್ಳಿ ಪಟ್ಟಣಗಳು ಕೊಂಡವು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಅಧಿಕೃತ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿದಾಗಲೂ ಕೊಂಡರು. ಕಾರ್ಡು ತುಂಬಿಸಿಕೊಂಡವನು ಸಹ ಪುಕ್ಕಟೆ ಪಡೆಯಲಿಲ್ಲ, ಪ್ರತಿ ತಿಂಗಳೂ ರೊಕ್ಕ ಎಣಿಸಿಯೇ ಪಡೆದ. ಆ ಹಣ ಹಕ್ಕುದಾರನನ್ನು ತಲುಪುವ ದಾರಿಯನ್ನು ಮಾತ್ರ ಯಾರೂ ಹಾಕಲಿಲ್ಲ. 2012ರ ಫೆಬ್ರುವರಿಯಲ್ಲಿ ಫ್ಲಿಪ್‌ಕಾರ್ಟ್ ಕಂಪನಿ ‘ಫ್ಲೈಟ್’ ಎಂಬ ಹಾಡಿನ ಮಳಿಗೆ ತೆರೆದು, 2013ರ ಜೂನ್‌ನಲ್ಲಿ ಬಾಗಿಲು ಹಾಕಿತು. ಐಟ್ಯೂನ್ಸ್ ಮಳಿಗೆ ಭಾರತಕ್ಕೆ ಬಂದದ್ದು 2012ರ ಡಿಸೆಂಬರ್‌ನಲ್ಲಿ. ಅಲ್ಲಿ ಕೊಳ್ಳಲು ಕ್ರೆಡಿಟ್ ಕಾರ್ಡು ಬೇಕಿತ್ತು. ಸವಣೂರಿನ ಎಲೆಬಳ್ಳಿ ತೋಟದ ಕೂಲಿಯವನ ಬಳಿ ಇದ್ದದ್ದು ಮೆಮೊರಿ ಕಾರ್ಡು.

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಚಿತ್ರ ಬದಲಾಯಿತು. ಮೂವತ್ತೊಂಬತ್ತು ತಾಸಿನ ಕೆಲಸ ಹತ್ತು ನಿಮಿಷಕ್ಕಿಳಿಯಿತು, ಹಾಡು ತುಂಬುವ ವ್ಯಾಪಾರ ತಾನಾಗಿಯೇ ಸೊರಗಿತು. ಐಪಾಡಿನ ಕೊನೆಯ ಮಾದರಿಯನ್ನು 2022ರ ಮೇ ತಿಂಗಳಲ್ಲಿ ಆಪಲ್ ನಿಲ್ಲಿಸಿದಾಗ ಈ ಊರುಗಳಲ್ಲಿ ಮರುಗಿದವರು ಇರಲಾರರು. ಆದರೆ 2006ರ ಆ ಮೂರನೆಯ ಪ್ರಶ್ನೆ, ಕೊಂಡದ್ದು ನಮ್ಮದೇ ಎಂಬುದು, ಈಗ ಇವರ ಬಾಗಿಲಿಗೂ ಬಂದು ನಿಂತಿದೆ. ಒಟಿಟಿ ಆ್ಯಪುಗಳಲ್ಲಿ ಇಳಿಸಿಕೊಂಡ ಸಿನಿಮಾ ಆ ಆ್ಯಪಿನೊಳಗೇ ಬಂದಿ. ಚಂದಾ ಮುಗಿದರೆ ಇಲ್ಲ, ಕಂಪನಿಯ ಹಕ್ಕಿನ ಅವಧಿ ತೀರಿದರೂ ಇಲ್ಲ. ಅಳಿಯನ ಸೆಟ್ಟಿಗೆ ಕಳಿಸುವಂತಿಲ್ಲ, ನೆಂಟರ ಊರಿಗೆ ಒಯ್ದು ಹಂಚುವಂತಿಲ್ಲ. ಡೇಟಾ ಅಗ್ಗವೆಂಬ ಮಾತೂ ಮಾಸುತ್ತಿದೆ. 2024ರ ಜುಲೈನಲ್ಲಿ ದೂರವಾಣಿ ಕಂಪನಿಗಳು ಒಟ್ಟಾಗಿ ದರ ಏರಿಸಿದ್ದನ್ನು ಓದುಗರು ಮರೆತಿರಲಾರರು.

ಇನ್ನು ಕನ್ನಡದ ಪಾಲು. 2020ರ ಜುಲೈನಲ್ಲಿ ಪಿಆರ್‌ಕೆ ಸಂಸ್ಥೆಯ ‘ಲಾ’ ಚಿತ್ರಮಂದಿರವನ್ನು ಬಿಟ್ಟು ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದಾಗ ಹೊಸ ಬಾಗಿಲು ತೆರೆಯಿತೆಂದು ಗಾಂಧಿನಗರ ನಂಬಿತ್ತು. ನಾಲ್ಕು ವರ್ಷಗಳ ಬಳಿಕ, ಕರಾವಳಿಯ ಕತೆಗಳ ‘ಏಕಂ’ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ ಹೋದದ್ದರಿಂದ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ತನ್ನದೇ ಜಾಲತಾಣದಲ್ಲಿ ಅದನ್ನು ಮಾರಬೇಕಾಯಿತು. ತೆರೆದಿದ್ದ ಬಾಗಿಲು ಅಷ್ಟರಲ್ಲಿ ಮುಚ್ಚಿಕೊಂಡಿತ್ತು.

ಆದ್ದರಿಂದಲೇ 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಜೆಟ್‌ನಲ್ಲಿ ಘೋಷಿಸಿದ ಕನ್ನಡ ಚಿತ್ರಗಳ ಸರ್ಕಾರಿ ಒಟಿಟಿ ವೇದಿಕೆ ಮಹತ್ವದ್ದು. ಕೇರಳ 2024ರ ಮಾರ್ಚ್‌ನಲ್ಲಿ ‘ಸಿ ಸ್ಪೇಸ್’ ಆರಂಭಿಸಿ, ಇಡೀ ತಿಂಗಳ ಚಂದಾ ಬದಲಿಗೆ ನೋಡಿದ ಚಿತ್ರಕ್ಕಷ್ಟೇ 75 ರೂಪಾಯಿ ಎಂದು ಗೊತ್ತುಮಾಡಿತು. ದಾರಿ ಸರಿಯಾದದ್ದೇ. ಆದರೆ ಹಿರೇಕೆರೂರಿನ ಜೇಬಿಗೆ ಆ ಬೆಲೆ ಹೆಚ್ಚು, ಮತ್ತು ಬೆಲೆಗಿಂತಲೂ ದೊಡ್ಡ ಪ್ರಶ್ನೆ ಅಂಗಡಿಯದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದೊಡ್ಡ ಟಿ.ವಿ.ಯ ಮುಂದೆ ಕುಳಿತವನನ್ನು ಕಣ್ಣ ಮುಂದಿಟ್ಟುಕೊಂಡು ಈ ವೇದಿಕೆಯನ್ನು ಕಟ್ಟಿದರೆ ಅದು ಇನ್ನೊಂದು ಆ್ಯಪಾಗಿ ಉಳಿದುಹೋಗುತ್ತದೆ. ಹಳೆಯ ಕನ್ನಡ ಚಿತ್ರಗಳು, ರಂಗನಾಟಕ, ದೊಡ್ಡಾಟ, ತತ್ವಪದಗಳ ಗಾಯನವೂ ಅಲ್ಲಿರಬೇಕು. ಹತ್ತು ರೂಪಾಯಿಗೆ ಒಂದು ಕೊಳ್ಳುವಂತಿರಬೇಕು. ಕೊಂಡದ್ದು ಕಾರ್ಡಿನಲ್ಲಿ ಅವನದಾಗಿಯೇ ಉಳಿಯಬೇಕು. ನಕಲು ಹರಿದಾಡೀತೆಂಬ ಭಯ ಹಳೆಯ ಚಿತ್ರಗಳ ಮಟ್ಟಿಗಾದರೂ ಅರ್ಥವಿಲ್ಲದ್ದು, ಅವು ಈಗಾಗಲೇ ಹರಿದಾಡುತ್ತಿವೆ.

ಹಂಚುವ ಕೈಗಳಿಗೂ ಬರವಿಲ್ಲ. ದೂರವಾಣಿ ಕಂಪನಿಗಳು ಕರೆನ್ಸಿ ಮಾರಲು ಸ್ವಂತ ಮಳಿಗೆ ಕಟ್ಟುತ್ತಾ ಕೂಡಲಿಲ್ಲ. ಬಸ್ ನಿಲ್ದಾಣದ ಎದುರಿನ ಅದೇ ಡಬ್ಬಿ ಅಂಗಡಿಗೆ ನೂರಕ್ಕೆ ಇಷ್ಟು ಎಂದು ಕಮಿಷನ್ ಗೊತ್ತುಮಾಡಿದವು. ಸರ್ಕಾರಿ ವೇದಿಕೆಯೂ ಆ ಅಂಗಡಿಗಳಿಗೆ ಪರವಾನಗಿ ಕೊಟ್ಟು, ಮಾರಿದ ಪ್ರತಿ ಹಾಡು ಪ್ರತಿ ಚಿತ್ರದ ಲೆಕ್ಕ ಹಕ್ಕುದಾರನ ಖಾತೆಗೆ ಸೇರುವಂತೆ ಏರ್ಪಾಡು ಮಾಡುವುದಕ್ಕೆ ಇಂದಿನ ಯುಪಿಐ ಕಾಲದಲ್ಲಿ ತಾಂತ್ರಿಕ ತೊಡಕೇನೂ ಇಲ್ಲ. ಹದಿನೈದು ವರ್ಷಗಳ ಹಿಂದೆ ಕಾರ್ಡು ತುಂಬುತ್ತಿದ್ದ ಎಷ್ಟೋ ಹುಡುಗರು ಈಗ ಅದೇ ಜಾಗದಲ್ಲಿ ಮೊಬೈಲ್ ರಿಪೇರಿ, ಆಧಾರ್ ಜೆರಾಕ್ಸು, ಬೆಳೆ ವಿಮೆಯ ಅರ್ಜಿ ತುಂಬುವ ಕೆಲಸ ಮಾಡಿಕೊಂಡು ಇದ್ದಾರೆ.