ದಪ್ಪ ತಂತಿಯ ಸಹವಾಸ

ಐವತ್ತು ದಾಟಿದವನು ಬೇಸ್ ಗಿಟಾರ್ ಹೆಗಲಿಗೇರಿಸಿಕೊಂಡು ಬಸವೇಶ್ವರನಗರದ ಬೀದಿಯಲ್ಲಿ ನಡೆದರೆ ಜನ ಸುಮ್ಮನಿರುತ್ತಾರೆಯೇ? “ಆರು ತಂತೀದು ಕೊಳ್ಳೋಕೆ ದುಡ್ಡು ಸಾಲಲಿಲ್ವಾ ಸಾರ್?” ಎಂದರು ಪಕ್ಕದ ಮನೆಯವರು. ಇರುವುದು ನಾಲ್ಕೇ ತಂತಿ, ನಿಜ. ಆದರೆ ಒಂದೊಂದೂ ನೀರು ಸೇದುವ ಹಗ್ಗದ ಹಾಗೆ. ಮೊದಲ ವಾರವೇ ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು.

ಈ ಹುಚ್ಚು ಹತ್ತಿದ್ದು ಗಣೇಶನ ದೆಸೆಯಿಂದ. ವಿಜಯನಗರದ ಪೆಂಡಾಲೊಂದರಲ್ಲಿ ಆರ್ಕೆಸ್ಟ್ರಾ. 1981ರ ‘ಗೀತಾ’ ಚಿತ್ರದ ಹಾಡು ನಡೆದಿತ್ತು. ಇದ್ದಕ್ಕಿದ್ದಂತೆ ಏನೋ ಕಳಚಿ ಬಿದ್ದಂತಾಯಿತು. ಗಾಯಕ ಹಾಡುತ್ತಲೇ ಇದ್ದ, ಡ್ರಮ್ಸ್ ಬಡಿಯುತ್ತಲೇ ಇತ್ತು, ಹಾಡಿಗೆ ಮಾತ್ರ ನೆಲ ತಪ್ಪಿತ್ತು. ನೋಡಿದರೆ ಮೂಲೆಯಲ್ಲಿ ಒಬ್ಬ ಹುಡುಗ ಬಗ್ಗಿ ವೈರು ತಡಕಾಡುತ್ತಿದ್ದ. ಸಿಕ್ಕಿಸಿದ ಕೂಡಲೇ ಹಾಡಿಗೆ ಕಾಲು ಬಂತು. ಅಲ್ಲಿಯವರೆಗೆ ಆ ಹುಡುಗ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನನ್ನ ಗುರುವಿಗೆ ಇಪ್ಪತ್ತಾರು ವರ್ಷ. ರಾಜಾಜಿನಗರದ ಮನೆಯೊಂದರ ಮಹಡಿಯಲ್ಲಿ ಪಾಠ. ನಾನು ಅವನಿಗೆ ಸಾರ್ ಅನ್ನುತ್ತೇನೆ, ಅವನು ನನಗೆ ಅಂಕಲ್. ಬಲಗೈ ಹೆಬ್ಬೆರಳನ್ನು ಊರಿ, ತೋರುಬೆರಳು ನಡುಬೆರಳುಗಳನ್ನು ಒಂದರ ನಂತರ ಒಂದು, ನಡೆಯುವ ಕಾಲುಗಳಂತೆ ಆಡಿಸಬೇಕು. ಎಡಗೈ ಬೆರಳು ಫ್ರೆಟ್ ಪಟ್ಟಿಯ ಮೇಲಲ್ಲ, ಅದಕ್ಕೆ ಅಂಟಿದಂತೆ ಹಿಂದೆ ಕೂರಬೇಕು. ಇಲ್ಲದಿದ್ದರೆ ಜೀರುಂಡೆ ಕೂಗುತ್ತದೆ. ಇದೆಲ್ಲ ಹೇಗೋ ಬಂತು. ನುಡಿಸದ ತಂತಿಗಳನ್ನು ಸುಮ್ಮನಿರಿಸುವುದು ಮಾತ್ರ ಇನ್ನೂ ಬಂದಿಲ್ಲ. 1951ರಲ್ಲಿ ಅಮೆರಿಕದ ಲಿಯೊ ಫೆಂಡರ್ ಈ ವಾದ್ಯಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟನಂತೆ, ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆಂದು. ಪಾಪ, ಅವನು ನನ್ನನ್ನು ಕಂಡಿರಲಿಲ್ಲ.

ಶಾಸ್ತ್ರದ ಪಾಠ ನಡೆದದ್ದು ಮಾತ್ರ ಮನೆಯಲ್ಲಿ, ಅಮ್ಮನ ಹತ್ತಿರ. ಅಮ್ಮ ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಈಗ ಎಂಬತ್ತನಾಲ್ಕು, ಕಿವಿ ಮಂದ. ಮೊಮ್ಮಗಳ ಕೊಳಲು ಸರಿಯಾಗಿ ಕೇಳಿಸದಾದಾಗಿನಿಂದ ಅವಳು ಸಂಗೀತದ ಮಾತೇ ಎತ್ತುತ್ತಿರಲಿಲ್ಲ. ವಯಸ್ಸಾದವರ ಕಿವಿಗೆ ಮೊದಲು ತಪ್ಪಿಹೋಗುವುದು ಏರುದನಿ. ತಗ್ಗಿನದು ಬಹುಕಾಲ ಉಳಿಯುತ್ತದೆ. ಬೇಸ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಒಂದು ಸಂಜೆ ಅದನ್ನು ಮೀಟಿದೆ. ಅಮ್ಮ ತಲೆ ಎತ್ತಿದಳು.

“ಇದು ಕೇಳಿಸತ್ತೆ ಕಣೋ.”

ಅಂದಿನಿಂದ ಪಾಠ ಶುರು. ಇ, ಎ, ಡಿ, ಜಿ ಎಂದು ತಂತಿಗಳ ಹೆಸರು ಹೇಳಿದರೆ, “ಪ್ರತಿಯೊಂದೂ ಹಿಂದಿನ ದಪ್ಪ ತಂತಿಗೆ ಮಧ್ಯಮ ಅನ್ನು, ಸಾಕು” ಎಂದಳು. ಮೇಜರ್ ಸ್ಕೇಲಿಗೆ ಎರಡು ಮನೆ, ಎರಡು ಮನೆ, ಒಂದು ಮನೆ, ಮತ್ತೆ ಎರಡು, ಎರಡು, ಎರಡು, ಒಂದು ಎಂದು ಗುರು ಬರೆಸಿದ್ದ ಲೆಕ್ಕ ಒಪ್ಪಿಸಿದೆ. “ಶಂಕರಾಭರಣಕ್ಕೆ ಇಷ್ಟು ಗಣಿತವೇ!” ರಿಷಭ ಧೈವತ ಎರಡನ್ನೂ ಒಂದೊಂದು ಮನೆ ಇಳಿಸಿದೆ, ಅವಳು ಮಕ್ಕಳಿಗೆ ಸರಳೆ ಕಲಿಸುತ್ತಿದ್ದ ಮಾಯಾಮಾಳವಗೌಳ ಬಂದು ಕೂತಿತು.

ಜಗಳ ಹುಟ್ಟಿದ್ದು ಕಾರ್ಡ್ ಬಂದಾಗ. ಮಗಳ ಕೀಬೋರ್ಡಿನಲ್ಲಿ ಸ-ಗ-ಪ ಮೂರೂ ಒಟ್ಟಿಗೆ ಮೊಳಗುತ್ತಿದ್ದವು. ಕೆಳಗೆ ನಾನು ಷಡ್ಜ ಹಿಡಿದಿದ್ದೆ. ಹಾಗೇ ಮಂದ್ರದ ಧೈವತಕ್ಕೆ ಇಳಿದೆ.

“ಯಾಕೋ, ಈಗ ಯಾಕೆ ಅಳುಮುಖ ಮಾಡ್ತು?”

“ಮೇಲೆ ಏನೂ ಬದಲಾಗಿಲ್ಲಮ್ಮ. ಕೆಳಗಿನ ಸ್ವರ ಒಂದೇ ಸರಿದದ್ದು.”

“ಶ್ರುತಿ ತಾಯಿ ಇದ್ದ ಹಾಗೆ. ಹಾಗೆಲ್ಲ ಎದ್ದು ಓಡಾಡ್ತಾಳೇನೋ?”

ಅವಳಿಗೆ ಉತ್ತರ ಕೊಡಲು ನನ್ನಿಂದಾಗಲಿಲ್ಲ. ತಂಬೂರಿಯ ಪಕ್ಕದಲ್ಲಿ ಬಾಳಿದವಳಿಗೆ ನೆಲ ಸರಿಯುವ ಸಂಗೀತ ಎಂದರೆ ಭೂಕಂಪವೇ. ನಮ್ಮ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿ, ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತ ಇಳಯರಾಜಾ ಈ ಎರಡನ್ನೂ ಹೇಗೆ ಒಟ್ಟಿಗೆ ಕೂರಿಸಿದರೆಂದು ತೋರಿಸಲು ‘ಗೀತಾ’ ಹಾಡನ್ನೇ ಹಾಕಿ, ಜೊತೆಗೆ ಬೇಸ್ ನುಡಿಸಿದೆ. ಎರಡು ಕಡೆ ತಪ್ಪಿತು. ಅಮ್ಮ ಎರಡನ್ನೂ ಹಿಡಿದಳು.

ತಗ್ಗಿನ ದನಿಗೆ ಗೋಡೆ ಲೆಕ್ಕಕ್ಕಿಲ್ಲವಲ್ಲ, ಪಕ್ಕದ ಮನೆಯವರ ದೂರು ಬಂತು. ಹೆಡ್‌ಫೋನ್ ಹಾಕಿಕೊಳ್ಳಿ ಎಂದರು. ಹಾಕಿಕೊಂಡರೆ ಅಮ್ಮನಿಗೆ ಕೇಳಿಸುವುದಿಲ್ಲ. ಕಾರಣ ಹೇಳಿದೆ. ಈಗ ಸಂಜೆ ಆರರಿಂದ ಆರೂವರೆ ಅವರು ವಾಕಿಂಗ್ ಹೋಗುತ್ತಾರೆ. ಆರಕ್ಕೆ ಐದು ನಿಮಿಷವಿರುವಾಗಲೇ ಅಮ್ಮ ಕುರ್ಚಿ ಎಳೆದುಕೊಳ್ಳುತ್ತಾಳೆ. “ಎಲ್ಲಿ, ಆ ಧೈವತಕ್ಕೆ ಇನ್ನೊಂದ್ಸಲ ಇಳಿ.”